ಲಿಫ್ಟಿಗಾಗಿ ಬರೆದ ಎರಡು ಅರ್ಜಿಗಳು

ಫೋನಿನಲ್ಲಿ ಕನ್ನಡ ಒತ್ತಲು ನಾನು ಕಲಿತದ್ದು ಮೊನ್ನೆ ಮೊನ್ನೆ. ಕಲಿಸಿದವಳು ಮೊಮ್ಮಗಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹಾಗಾಗಿ ನನ್ನ ತಪ್ಪು ಅವಳಿಗೆ ಕಾಣುವುದಿಲ್ಲ, ಅವಳ ತಪ್ಪು ನನಗೆ ಕಾಣುವುದಿಲ್ಲ. ಇಂಥ ಗುರು, ಇಂಥ ಶಿಷ್ಯೆ ಇಡೀ ದಹಿಸರ್‌ನಲ್ಲಿ ಹುಡುಕಿದರೂ ಸಿಗಲಾರರು.

ಅವಳು ಕಾಲೇಜಿನಲ್ಲಿ ಇತಿಹಾಸ ಓದುತ್ತಾಳೆ. ನಮ್ಮಿಬ್ಬರ ಒಪ್ಪಂದ ಹೀಗಿತ್ತು: ಅವಳು ಪರೀಕ್ಷೆಯ ಪಾಠವನ್ನು ತನಗೆ ಬಂದ ಅರ್ಧ ಕನ್ನಡದಲ್ಲಿ ಹೇಳಬೇಕು, ನಾನು ಅದನ್ನು ಟೈಪು ಮಾಡಬೇಕು. ಅವಳಿಗೆ ಬಾಯಿಪಾಠ, ನನಗೆ ಬೆರಳಪಾಠ.

“ಅಜ್ಜಿ, ಬರಿ. ಕಂಪನಿ ಸರ್ಕಾರ್ ಇತ್ತಲ್ಲ, ಆವಾಗ ಇಲ್ಲಿ ಫಸ್ಟ್ ಟೈಮ್ ಪೊಲಿಟಿಕಲ್ ಸೊಸೈಟಿ ಸುರು ಆಯ್ತು.”

“ನಮ್ಮ ಬಿಲ್ಡಿಂಗ್ ಸೊಸೈಟಿ ಹಾಗೆಯಾ? ಅವರೂ ಪಾರ್ಕಿಂಗಿಗೆ ಜಗಳ ಮಾಡ್ತಿದ್ರಾ?”

“ಅಜ್ಜಿ, ಸೀರಿಯಸ್ ಇರು ನಾ! ದೊಡ್ಡ ದೊಡ್ಡ ವ್ಯಾಪಾರಿ, ವಕೀಲ್, ಇಂಗ್ಲಿಷ್ ಕಲಿತವರು ಸೇರಿದ್ದು. ಮೀಟಿಂಗ್ ಮಾಡಿ ದೇಶದ ಪರವಾಗಿ ಲಂಡನ್‌ಗೆ ಅರ್ಜಿ ಕಳಿಸಿದ್ದು.”

“ಅರ್ಜಿಯಲ್ಲಿ ಎಂಥ ಬರೆದ್ರು?”

“ನಮ್ಮವರಿಗೂ ದೊಡ್ಡ ನೌಕರಿ ಕೊಡಿ, ಕಾನೂನು ಮಾಡೋ ಸಭೆಯಲ್ಲಿ ನಮ್ಮವರನ್ನೂ ಕೂರಿಸಿ ಅಂತ. ಫುಲ್ ಪೊಲೈಟ್. ನಾವು ನಿಮ್ಮ ವಿಧೇಯ ಪ್ರಜೆಗಳು ಅಂತ ಫಸ್ಟ್ ಬರೆಯೋದು, ಆಮೇಲೆ ಕೇಳೋದು.”

ನನಗೆ ಇದು ಬಹಳ ಹಿಡಿಸಿತು. ಕಾಲು ಹಿಡಿದಂತೆ ಮಾಡಿ ಕುರ್ಚಿ ಕೇಳುವುದು! ಸಮುದ್ರದಾಚೆಯ ದೊರೆಗಳು ಓದಿದರೋ ಇಲ್ಲವೋ. ಆದರೆ ಬೇರೆ ಬೇರೆ ಜಾತಿಯ, ಬೇರೆ ಬೇರೆ ಅಂಗಡಿಯ ಜನ ಒಂದು ಕೋಣೆಯಲ್ಲಿ ಕೂತು, ಒಂದೇ ಕಾಗದಕ್ಕೆ ಸಹಿ ಹಾಕಿದರಲ್ಲ. ಇದೇ ಊರಿನಲ್ಲಿ. ನಾನು ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಈ ಊರಿನ ಬಗ್ಗೆ ಲೋಕಲ್ ರೈಲಿನ ಸಮಯ ಬಿಟ್ಟು ಬೇರೇನೂ ತಿಳಿದಿರಲಿಲ್ಲ.

ಆ ವಾರವೇ ನಮ್ಮ ಕೆಳಗಿನ ಬೋರ್ಡಿನಲ್ಲಿ ನೋಟಿಸು ಬಿತ್ತು. ಬಿಲ್ಡಿಂಗಿಗೆ ಹೊಸ ಲಿಫ್ಟು ಬಂದಿತ್ತು. ಒಳಗೆ ದೊಡ್ಡ ಕನ್ನಡಿ, ಮಿರಮಿರ ಮಿಂಚುವ ಗೋಡೆ. ಇನ್ನು ಮೇಲೆ ಮನೆಗೆಲಸದವರು ಮೆಟ್ಟಿಲು ಬಳಸಬೇಕು, ಲಿಫ್ಟು ಹತ್ತುವಂತಿಲ್ಲ ಎಂದು ಬರೆದಿದೆಯೆಂದು ಮೊಮ್ಮಗಳು ಓದಿ ಹೇಳಿದಳು. ಕನ್ನಡಿ ಯಾರ ಮುಖ ನೋಡಿ ಸವೆಯುತ್ತದೆಂದು ಇವರು ಹೆದರಿದರೋ ದೇವರಿಗೇ ಗೊತ್ತು.

ನಮ್ಮದು ಏಳನೇ ಮಾಳಿಗೆ. ನಮ್ಮಲ್ಲಿ ಕೆಲಸಕ್ಕೆ ಬರುವವಳು ಕಲಬುರಗಿ ಕಡೆಯವಳು. ನನ್ನ ಮಗನ ಮದುವೆಯಾದ ವರ್ಷದಿಂದ ಬರುತ್ತಿದ್ದಾಳೆ. ಇದೇ ಬಿಲ್ಡಿಂಗಿನಲ್ಲಿ ಅವಳಿಗೆ ನಾಲ್ಕು ಮನೆ, ನಾಲ್ಕೂ ಬೇರೆ ಬೇರೆ ಮಾಳಿಗೆ. ಮೊಣಕಾಲು ಎರಡು ವರ್ಷದಿಂದ ಬಾತುಕೊಂಡಿದೆ. ಮಗ ಬೊರಿವಲಿಯ ಹೋಟೆಲಿಗೆ ಹೋದ ಮೇಲೆ, ಸೊಸೆ ಆಫೀಸಿಗೆ ಹೋದ ಮೇಲೆ ನನ್ನ ಜೊತೆ ಕನ್ನಡದಲ್ಲಿ ಜಗಳ ಮಾಡಲು ಇರುವವಳು ಅವಳೊಬ್ಬಳೇ.

ನೋಟಿಸಿನ ಮರುದಿನ ಅವಳು ಏದುಸಿರು ಬಿಡುತ್ತ ಬಂದು ಬಾಗಿಲಲ್ಲೇ ಕುಳಿತಳು.

“ನಾಕ್ ದಿನ ನೋಡ್ತೀನ್ರಿ ಅಜ್ಜಿ. ಆಗಲಿಲ್ಲಂದ್ರ ಈ ಬಿಲ್ಡಿಂಗ್ ಬಿಡ್ತೀನಿ. ನಾಕೂ ಮನಿ ಬಿಡ್ತೀನಿ.”

“ಬಿಟ್ಟು ಎಲ್ಲಿಗೆ ಹೋಗ್ತಿ ಮಾರಾಯ್ತಿ?”

“ಮಲಾಡ್‌ದಾಗ ಒಂದ್ ಆಫೀಸ್ ಅದ ಅಂತ, ಕಸ ಹೊಡಿಯಾಕ. ನೆಲದ ಮ್ಯಾಲೇ ಅದ ಅಂತ ಅದು.”

ಅವಳಿಗೆ ನಾಲ್ಕು ಮನೆಯ ಅನ್ನ ಹೋಗುತ್ತದೆ, ನನಗೆ ಮಾತೇ ಹೋಗುತ್ತದೆ. ಯಾವುದು ನನ್ನನ್ನು ಹೆಚ್ಚು ಹೆದರಿಸಿತು ಎಂದು ಇಲ್ಲಿ ಬರೆಯುವುದಿಲ್ಲ.

ಅರ್ಜಿ ಬರೆಯುವ ವಿದ್ಯೆ ನನಗೆ ಹೊಸದಾಗಿ ಬಂದಿತ್ತಲ್ಲ. ಮೊಮ್ಮಗಳನ್ನು ಕೂರಿಸಿ ನಾನು ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಬರೆದಳು. ನಾವು ತಮ್ಮ ವಿಧೇಯ ನಿವಾಸಿಗಳು. ತಾವು ತಂದ ಲಿಫ್ಟು ಬಹಳ ಚೆಂದ. ಮೊಣಕಾಲು ನೋವಿರುವ ಕೆಲಸದ ಹೆಂಗಸರಿಗೆ ಕನಿಕರದಿಂದ ಮೇಲೆ ಹತ್ತಲು ಮಾತ್ರ ಲಿಫ್ಟು ಬಿಟ್ಟುಕೊಡಬೇಕು, ಇಳಿಯುವಾಗ ಅವರು ಮೆಟ್ಟಿಲಲ್ಲೇ ಇಳಿಯುತ್ತಾರೆ. ಅರ್ಧ ಕೇಳಿದರೆ ಅರ್ಧ ಸಿಗುತ್ತದೆ ಎನ್ನುವುದು ನನ್ನ ಲೆಕ್ಕ. ಮಧ್ಯಾಹ್ನ ಮನೆ ಮನೆ ಸುತ್ತಿದೆ. ಉಡುಪಿಯವರು, ಮಂಗಳೂರಿನವರು, ಮರಾಠಿಯವರು, ಗುಜರಾತಿಯವರು, ಎಲ್ಲ ಹೆಂಗಸರೂ ಸಹಿ ಹಾಕಿದರು. ಮೂರನೇ ಮಾಳಿಗೆಯವಳಂತೂ ಪೆನ್ನು ಕೊಟ್ಟ ಕೂಡಲೇ ಎರಡು ಸಲ ಹಾಕಿದಳು.

ಸೆಕ್ರೆಟರಿ ಗುಜರಾತಿಯವರು, ಬಟ್ಟೆ ವ್ಯಾಪಾರಿ, ದೇಹ ಸ್ವಲ್ಪ ಭಾರಿ, ಮನಸ್ಸು ಕೆಟ್ಟದ್ದಲ್ಲ. ಎರಡು ದಿನ ಬಿಟ್ಟು ಲಿಫ್ಟಿನ ಮುಂದೆ ಸಿಕ್ಕಿ ಅರ್ಜಿಯನ್ನು ನನಗೇ ವಾಪಸು ಕೊಟ್ಟರು.

“ಮಾಸಿ, ಸೈನ್ ತೋ ಬಹುತ್ ಹೈ, ಲೇಕಿನ್ ಇಸ್‌ಮೇಂ ಏಕ್ ಭೀ ಮೆಂಬರ್ ನಹೀಂ ಹೈ.”

ಸಹಿ ತುಂಬ ಇದೆ, ಮೆಂಬರ್ ಒಬ್ಬರೂ ಇಲ್ಲ! ಮನೆಯ ಶೇರ್ ಕಾಗದದಲ್ಲಿ ಹೆಸರಿದ್ದವರು ಮಾತ್ರ ಮೆಂಬರ್ ಅಂತೆ. ನಾನು ಸಿಟ್ಟಿನಿಂದ ಮೇಲೆ ಬಂದು ಕಪಾಟು ತೆಗೆದು ಮನೆಯ ಶೇರ್ ಸರ್ಟಿಫಿಕೇಟು ಹುಡುಕಿದೆ. ಮೊಮ್ಮಗಳು ಓದಿದಳು. ಮೊದಲು ಅವಳ ಅಜ್ಜನ ಹೆಸರು, ಅವರು ತೀರಿಕೊಂಡ ಮೇಲೆ ನನ್ನ ಮಗನ ಹೆಸರು. ನಾನು ಎಲ್ಲೂ ಇಲ್ಲ.

ನಗಬೇಡಿ. ನಮ್ಮದು ಅಳಿಯಕಟ್ಟಿನ ಮನೆತನ. ನಾನು ಹುಟ್ಟಿದ ಮನೆ ನನ್ನ ಅಜ್ಜಿಯದ್ದು, ಅವಳ ನಂತರ ಅಮ್ಮನದ್ದು. ಸೋದರಮಾವಂದಿರು ಯಜಮಾನಿಕೆ ನಡೆಸಿದರೂ ಅಜ್ಜಿಯ ಎದುರು ಎತ್ತರದ ಮಾತು ಆಡುತ್ತಿರಲಿಲ್ಲ. ಅಪ್ಪ ಆ ಮನೆಗೆ ಬಂದು ಹೋಗುವ ನೆಂಟ. ಮನೆ ಎಂದ ಮೇಲೆ ಅದು ಹೆಂಗಸಿನದ್ದೇ ಎಂದು ಎದೆಹಾಲಿನಲ್ಲೇ ಕುಡಿದು ಬಂದವಳು ನಾನು. ಅದಕ್ಕೇ ಈ ಊರಿನ ಕಾಗದದಲ್ಲಿ ಯಾರ ಹೆಸರಿದೆ ಎಂದು ಒಂದು ದಿನವೂ ನೋಡಲಿಲ್ಲ. ಗಂಡ ಸಹಿ ಹಾಕಿದಾಗ, ಓಡಾಟದ ಕೆಲಸ ಗಂಡಸರದ್ದು ಎಂದುಕೊಂಡೆ. ಮಗನ ಹೆಸರಿಗೆ ಮಾಡಿಸುವಾಗಲೂ ‘ಆಫೀಸಿಗೆ ಅಲೆಯಲು ಅವನಿದ್ದರೆ ಸಾಕು’ ಎಂದು ನಾನೇ ಹೇಳಿದೆ. ಸಹಿ ಹಾಕಿದ ನಮ್ಮ ಕಡೆಯ ಹೆಂಗಸರೆಲ್ಲರದ್ದೂ ಇದೇ ಕಥೆ. ಊರಿನಲ್ಲಿ ಯಜಮಾನ್ತಿಯರ ಮೊಮ್ಮಕ್ಕಳು, ಇಲ್ಲಿ ಬಾಡಿಗೆದಾರರಿಗಿಂತ ಕಡೆ.

ಸಂಜೆ ಪಾಠಕ್ಕೆ ಕೂತಾಗ ಮೊಮ್ಮಗಳನ್ನು ಕೇಳಿದೆ.

“ಆ ಅರ್ಜಿ ಬರೆದ ಸೊಸೈಟಿಯಲ್ಲಿ ಹೆಂಗಸರು ಇದ್ರಾ?”

“ಇಲ್ಲ ಅಜ್ಜಿ.”

“ಕೂಲಿಯವರು? ಬಂದರಿನಲ್ಲಿ ಮೂಟೆ ಹೊರುವವರು?”

“ನಹೀಂ ರೇ. ಫೀಸ್ ಕೊಡೋರು ಮಾತ್ರ ಮೆಂಬರ್.”

“ಮತ್ತೆ ದೇಶದ ಪರವಾಗಿ ಬರೆದದ್ದು ಅಂದಿಯಲ್ಲ?”

“ಪರವಾಗಿ ಬರೆದ್ರು. ಕೇಳಿ ಬರೆದ್ರಾ ಅಂತ ನನ್ನ ಸಿಲೆಬಸ್‌ನಲ್ಲಿ ಇಲ್ಲ.”

ಮೊಮ್ಮಗಳಿಗೆ ಆ ಮಾತು ಮುಗಿಯಿತು. ನನಗೆ ಮುಗಿಯಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸದವಳು ನೆಲ ಒರೆಸುತ್ತ ತಾನೇ ಕೇಳಿದಳು.

“ನನ್ನ ಸಲುವಾಗಿ ಏನೋ ಬರ್ದೀರಂತಲ್ರಿ. ಮೂರನೇ ಮಾಳಿಗಿ ಬಾಯಿ ಹೇಳಿದ್ಲು. ಏನ್ ಬರ್ದೀರಿ, ಹೇಳ್ರಿ ನೋಡೂಣು.”

ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ. ಹತ್ತಲು ಲಿಫ್ಟು, ಇಳಿಯಲು ಮೆಟ್ಟಿಲು ಎಂದದ್ದೇ ತಡ, ಅವಳು ಒರೆಸುವ ಬಟ್ಟೆ ಬಕೆಟ್ಟಿಗೆ ಹಾಕಿ ನಗತೊಡಗಿದಳು.

“ಯವ್ವಾ! ಹತ್ತೂದು ಹ್ಯಾಂಗರ ಹತ್ತತೀನ್ರಿ. ಇಳಿಯುವಾಗಽ ಜೀವಾ ಹೋಗ್ತದ. ಮೊಣಕಾಲ್ ನೋವಿಗಿ ಇಳಿಯೂದಽ ತ್ರಾಸು. ನಿಮಗ ಇಲ್ಲೇನ್ರಿ ಮೊಣಕಾಲು?”

ನನಗೆ ಇದೆ. ಆದರೆ ನನಗೆ ಲಿಫ್ಟೂ ಇದೆ.

“ಮತ್ತ ಅದೇನು, ಕನಿಕರ ಅಂದ್ರಿ? ಕೆಲಸಾ ಮಾಡ್ಲಾಕ ಬರ್ತೀನಿ. ಭಿಕ್ಷಾ ಬೇಡ್ಲಾಕ ಬರಂಗಿಲ್ಲ.”

ಇಷ್ಟು ವರ್ಷ ದಿನಾ ನನ್ನ ಎದುರೇ ಕಾಲು ನೀವಿಕೊಳ್ಳುತ್ತಿದ್ದವಳನ್ನು ನಾನು ಒಂದು ಮಾತು ಕೇಳಲಿಲ್ಲ. ಕೇಳದೆ ಅವಳ ಪರವಾಗಿ ವಿಧೇಯಳಾದೆ, ಕೇಳದೆ ಅವಳ ಅರ್ಧ ದಾರಿ ಬಿಟ್ಟುಕೊಟ್ಟೆ. ಆ ಹಳೇ ಕಾಲದ ವ್ಯಾಪಾರಿಗಳನ್ನು ಆಡಿಕೊಂಡವಳಿಗೆ ಅವರ ಪಗಡಿ ತಲೆಯ ಮೇಲೆ ಸರಿಯಾಗಿಯೇ ಕೂತಿತ್ತು.

“ಹಾಗಾದ್ರೆ ನೀನೇ ಹೇಳು. ನಾನು ಬರೀತೇನೆ,” ಎಂದು ಫೋನು ಹಿಡಿದೆ.

ಅವಳು ಕಾಲು ಚಾಚಿ ಕುಳಿತು ಹೇಳಿದಳು. ಕನಿಕರ ಇಲ್ಲ, ವಿಧೇಯ ಇಲ್ಲ. ನಾನು ಯಾವ ಯಾವ ಮಾಳಿಗೆಯಲ್ಲಿ ದುಡಿಯುತ್ತೇನೆ, ಎಷ್ಟು ಸಲ ಹತ್ತಿ ಇಳಿಯುತ್ತೇನೆ, ಯಾವ ಮೆಟ್ಟಿಲಿಗೆ ಬಂದಾಗ ಕಾಲು ಕೈಕೊಡುತ್ತದೆ. ಕೊನೆಗೆ ಒಂದು ಸಾಲು: ನಿಮ್ಮ ಮನಿ ಒಳಗ ಬರ್ಲಿಕ್ಕಿ ನಡೀತದ, ನಿಮ್ಮ ಲಿಫ್ಟಿನಾಗ ಬರ್ಲಿಕ್ಕಿ ಯಾಕ ನಡಿಯಂಗಿಲ್ಲ? ಅವಳು ಹೇಳಿದ ಹಾಗೆಯೇ ಒತ್ತಿದೆ. ಆಮೇಲೆ ಫೋನು ಅವಳ ಕೈಗೆ ಕೊಟ್ಟೆ. ಅವಳು ನಾಲ್ಕನೇ ಕ್ಲಾಸು ಓದಿದ್ದಾಳೆ. ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರನ್ನು ತಾನೇ ಒತ್ತಿದಳು. ಅದನ್ನು ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಬಿಟ್ಟೆ. ಮಗನಿಗೆ ಪುರುಸೊತ್ತಿಲ್ಲವೆಂದು ಆ ಗ್ರೂಪಿನಲ್ಲಿ ನನ್ನ ನಂಬರು ಇತ್ತು. ಅದೊಂದೇ ನನ್ನ ಮೆಂಬರ್‌ಗಿರಿ.

ಫೋನೇ ಎಲ್ಲ ಭಾಷೆ ತಿರುಗಿಸಿ ಕೊಡುತ್ತದಂತೆ. ಆದರೆ ಕಲಬುರಗಿ ಮಾತಿಗೆ ಅದು ಬೆಪ್ಪಾಗಿರಬೇಕು. ಸಂಜೆ ಸೆಕ್ರೆಟರಿಯ ಫೋನು ಬಂತು. ಯಾರು ಬರೆದದ್ದು, ಏನು ಬರೆದದ್ದು, ಒಂದೂ ಅರ್ಥವಾಗಲಿಲ್ಲ, ಬಂದು ಓದಿ ಹೇಳುತ್ತೀರಾ ಎಂದರು. ಮುದುಕಿ ನಾನು, ನೀವೇ ನಾಳೆ ಹನ್ನೊಂದಕ್ಕೆ ಬನ್ನಿ ಎಂದೆ. ಹನ್ನೊಂದಕ್ಕೆ ಅವಳು ನಮ್ಮಲ್ಲಿರುತ್ತಾಳೆ.

ಅವರು ಬಂದು ಕೂತರು. ನಾನು ಅವಳಿಗೂ ಕುರ್ಚಿ ಎಳೆದೆ. ಅವಳು ಕೂರಲಿಲ್ಲ. ನಾನು ಓದಬೇಕೆಂದು ಕನ್ನಡಕ ಏರಿಸುವಷ್ಟರಲ್ಲಿ ಅವಳೇ ಹಿಂದಿಯಲ್ಲಿ ಶುರು ಮಾಡಿದಳು. ನನ್ನ ಹಿಂದಿಗಿಂತ ಅವಳದ್ದು ಎಷ್ಟೋ ವಾಸಿ. ಸೆಕ್ರೆಟರಿ ನಿಯಮ, ಕಮಿಟಿ, ಕಂಪ್ಲೇಂಟು ಎಂದೆಲ್ಲ ಹೇಳಿದರು. ಅವಳು ಕೊನೆಗೆ, “ಸೇಠ್, ಮೇರೆ ಸಾಥ್ ಏಕ್ ಬಾರ್ ನೀಚೇ ಚಲೋ. ಸೀಡಿ ಸೇ,” ಎಂದಳು.

ನನ್ನ ಜೊತೆ ಒಂದು ಸಲ ಮೆಟ್ಟಿಲಿಳಿದು ಬನ್ನಿ. ಇಲ್ಲವೆನ್ನಲು ಅವರಿಗೆ ನಾಚಿಕೆಯಾಯಿತೋ ಏನೋ, ಎದ್ದರು. ನಾನು ಮೆಟ್ಟಿಲ ಬದಿಯ ಕಟಾಂಜನ ಹಿಡಿದು ಮೇಲಿನಿಂದ ನೋಡುತ್ತಿದ್ದೆ. ಅವಳು ಒಂದು ಕಾಲು ಇಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ಮಗು ಇಳಿದಂತೆ ಇಳಿಯುತ್ತಿದ್ದಳು. ಹಿಂದೆ ಅವರು. ನಾಲ್ಕನೇ ಮಾಳಿಗೆಗೆ ಬರುವಾಗ ಅವರ ಉಬ್ಬಸ ನನಗೆ ಮೇಲಕ್ಕೆ ಕೇಳಿಸಿತು. ಅಲ್ಲಿಂದ ಮುಂದೆ ಏನು ಮಾತಾಯಿತೋ ಗೊತ್ತಿಲ್ಲ. ಇಬ್ಬರೂ ಬಹಳ ಹೊತ್ತು ಅಲ್ಲಿಯೇ ನಿಂತರು. ಆಮೇಲೆ ಲಿಫ್ಟಿನ ಬಾಗಿಲು ತೆರೆದ ಸದ್ದು ಬಂತು.

ಮರುದಿನ ನೋಟಿಸು ಇರಲಿಲ್ಲ. ಅಂಟಿನ ನಾಲ್ಕು ಗುರುತು ಮಾತ್ರ ಉಳಿದಿತ್ತು. ಅವಳು ಲಿಫ್ಟಿನಲ್ಲಿ ಬಂದು, “ಕನ್ನಡಿ ಒಳಗ ನನ್ನ ಮಾರಿ ಭಾಳ ಚಂದ ಕಾಣ್ತದ್ರಿ,” ಎಂದಳು. ಮಲಾಡಿನ ಮಾತು ಎತ್ತಲಿಲ್ಲ.

ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಮೊಮ್ಮಗಳು ಹೇಳಿದಳು, “ಅಜ್ಜಿ, ಮೀಟಿಂಗ್ ಬುಕ್‌ನಲ್ಲಿ ಬರೆಸು. ಬರೆಯದೆ ಇದ್ದದ್ದು ನಾಳೆ ಮತ್ತೆ ಬರ್ತದೆ.” ಸೆಕ್ರೆಟರಿಗೆ ಹೇಳಿದೆ. ಅವರು ನಕ್ಕರು. ಆ ಪುಸ್ತಕದಲ್ಲಿ ಬರೆಯಲು ಸಭೆಯಲ್ಲಿ ಮಾತು ಎತ್ತಬೇಕು, ಎತ್ತಲು ಮೆಂಬರ್ ಆಗಿರಬೇಕು.

ಆದ್ದರಿಂದ ಈಗ ನಮ್ಮ ಊಟದ ಮೇಜಿನ ಮೇಲೆ ಒಂದು ಫಾರ್ಮ್ ಇದೆ. ಮಗನ ಹೆಸರಿನ ಜೊತೆಗೆ ನನ್ನ ಹೆಸರನ್ನೂ ಸೇರಿಸಬೇಕೆಂದು ಕೇಳುವ ಫಾರ್ಮು. ಮಗ ನೋಡಿ, “ಅಮ್ಮ, ಇಡೀ ಮನೆ ನಿಮ್ಮದೇ ಅಲ್ವಾ, ಕಾಗದ ಎಂಥಕ್ಕೆ?” ಎಂದ. ನಾನೂ ಹಾಗೆಯೇ ಅಂದುಕೊಂಡಿದ್ದೆ ಮಗನೇ ಎಂದು ಪೆನ್ನು ಮುಂದಿಟ್ಟೆ. ಅವನು ಸಹಿ ಹಾಕಿದ.

ನಾನು ಸಭೆಗೆ ಹೋಗಿ ಮಾತಾಡುತ್ತೇನೆ. ಆದರೆ ಅವಳಿಗೆ ಆ ಸಭೆಯಲ್ಲಿ ಬಾಗಿಲಿನ ಒಳಗೂ ಜಾಗವಿಲ್ಲ, ಯಾವ ಫಾರ್ಮೂ ಇಲ್ಲ. ಹಾಗಾಗಿ ಏನು ಹೇಳಬೇಕೆಂದು ಈಗಲೇ ಅವಳನ್ನು ಕೇಳುತ್ತಿದ್ದೇನೆ. ಅವಳು ದಿನಕ್ಕೊಂದು ಸೇರಿಸುತ್ತಾಳೆ. ಇವತ್ತು ಬೆಳಿಗ್ಗೆ ಕೆಳಗೆ ಕೆಲಸದವರಿಗೊಂದು ಸಂಡಾಸು ಬೇಕೆಂದು ಬರೆಸಿದಳು. ಇಷ್ಟು ವರ್ಷ ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳಿದೆ.

“ಅದನ್ನೂ ನೀವು ಕೇಳಿರಲಿಲ್ಲ ನೋಡ್ರಿ,” ಎಂದಳು.