ಗಾಜಕ್ಕನ ಐದನೇ ಟ್ಯೂಬು

ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿ ಕೂತವನು ನಾನು. ನನ್ನ ಮೇಜಿನ ಮುಂದೆ ಒಂದು ಕಿಟಕಿ, ಕಿಟಕಿಯಾಚೆ ಸದಾ ಒಂದು ತಲೆ. "ಸರ್, ಒಂದು ಸಣ್ಣ ಡೌಟು" ಎಂದು ಶುರುಮಾಡಿದ ಯಾರೂ ಸಣ್ಣ ಡೌಟು ಕೇಳಿದ್ದು ನನಗೆ ನೆನಪಿಲ್ಲ. ಈ ಕೋರ್ಸಿಗೆ ಯಾವ ಸ್ಕಾಲರ್‌ಶಿಪ್ ಸಿಗುತ್ತದೆ, ಬ್ಯಾಂಕಿನವರು ಸಾಲ ಕೊಡುತ್ತಾರಾ, ರಜೆಯಲ್ಲಿ ಲ್ಯಾಬಿನಲ್ಲಿ ದುಡಿದರೆ ಭತ್ಯೆ ಉಂಟಾ, ಎಲ್ಲಕ್ಕೂ ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಆದರೆ ಉತ್ತರಕ್ಕೆ ಮೊದಲು ಒಮ್ಮೆ ಗದರುವುದು ನನ್ನ ಪದ್ಧತಿ. ಗದರಿದರೆ ಅರ್ಜಿ ಸರಿಯಾಗಿ ತುಂಬಿಕೊಂಡು ಬರುತ್ತಾರೆ ಎಂದು ನಂಬಿದ್ದೆ. ಅದು ಸುಳ್ಳೆಂದು ಗೊತ್ತಾದ ಮೇಲೂ ಗದರುವುದನ್ನು ಬಿಡಲಿಲ್ಲ.

ಅದೇ ಕಾರಿಡಾರಿನ ಕೊನೆಯಲ್ಲಿ ತೊಳೆಯುವ ಕೋಣೆ. ಎರಡು ಕಲ್ಲಿನ ತೊಟ್ಟಿ, ಗಾಜು ಒಣಗಿಸುವ ಬಿಸಿ ಕಪಾಟು, ಗೋಡೆಗೆ ಸಾಲಾಗಿ ತೂಗುಹಾಕಿದ ಬ್ರಷ್ಷುಗಳು. ಇಡೀ ವಿಭಾಗದ ಟೆಸ್ಟ್ ಟ್ಯೂಬು, ಬೀಕರು, ಫ್ಲಾಸ್ಕು ಅಲ್ಲಿಗೆ ಬಂದು ಬೀಳುತ್ತಿದ್ದವು. ಅವನ್ನು ತೊಳೆಯುತ್ತಿದ್ದವಳಿಗೆ ಹುಡುಗರು ಇಟ್ಟ ಹೆಸರು ಗಾಜಕ್ಕ. ಇಪ್ಪತ್ತೆರಡು ವರ್ಷ ಅದೇ ಕೆಲಸ. ಮೂರು ಸಲ ನಲ್ಲಿ ನೀರು, ಒಂದು ಸಲ ಶುದ್ಧ ನೀರು, ಆಮೇಲೆ ತಲೆಕೆಳಗು ಮಾಡಿ ಸ್ಟ್ಯಾಂಡಿಗೆ. ಮಾತಾಡುತ್ತಿದ್ದರೂ, ಜಗಳವಾಡುತ್ತಿದ್ದರೂ ಕೈ ತನ್ನ ಪಾಡಿಗೆ ತಾನು ತೊಳೆಯುತ್ತಿತ್ತು. ಜಗಳಕ್ಕೂ ಆಕೆ ಕಮ್ಮಿಯಿಲ್ಲ. ಒಂದು ಲ್ಯಾಬಿನವರು ಫ್ಲಾಸ್ಕಿನ ತಳದಲ್ಲಿ ಏನನ್ನೋ ಒಣಗಿಸಿ ಕಳಿಸಿದರೆಂದು ಒಂದು ವಾರ ಅವರ ಗಾಜನ್ನು ಮುಟ್ಟಲೇ ಇಲ್ಲ. ಕೊನೆಗೆ ಆ ಲ್ಯಾಬಿನ ಪ್ರೊಫೆಸರೇ ಅಂಗಿ ತೋಳು ಮಡಚಿಕೊಂಡು ಉಜ್ಜಲು ನಿಲ್ಲಬೇಕಾಯಿತು.

ತೊಟ್ಟಿಗೆ ಬರುವ ಬಣ್ಣ ನೋಡಿಯೇ ಆಕೆಗೆ ಯಾರ ಪ್ರಯೋಗ ಕೆಟ್ಟಿದೆ ಎಂದು ತಿಳಿಯುತ್ತಿತ್ತು. ಯಾಕೆ ಕೆಟ್ಟಿತು ಎನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ. ಒಂದು ದಿನ ಸಂಶೋಧನಾ ವಿದ್ಯಾರ್ಥಿಯೊಬ್ಬನನ್ನು ಕೇಳಿದಳಂತೆ. ಅವನು, "ಅದು ನಿಮಗೆ ಅರ್ಥ ಆಗಲ್ಲ, ಬಿಡಕ್ಕ" ಎಂದನಂತೆ. ಮರುದಿನ ಬೆಳಿಗ್ಗೆ ಆಕೆ ನನ್ನ ಕಿಟಕಿಯಲ್ಲಿ ಹಾಜರು.

"ಸರ್, ಬಯೋಕೆಮಿಸ್ಟ್ರಿ ಡಿಗ್ರಿಗೆ ಸೇರ್ಬೇಕು. ದುಡ್ಡಿಗೇನು ದಾರಿ ಇದೆ?"

"ಮಗಳಿಗಾ?"

"ಮಗಳು ಓದು ಮುಗ್ಸಿ ಕನ್ನಡಕದ ಅಂಗಡೀಲಿ ಕೆಲ್ಸಕ್ಕೆ ಹೋಗ್ತಾಳಲ್ಲ. ನನಗೇ."

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. "ಏನಮ್ಮ, ನಲವತ್ತಮೂರಾಯ್ತು ನಿನಗೆ. ಈ ವಯಸ್ಸಲ್ಲಿ ಇದೆಲ್ಲ ಯಾಕೆ?"

"ನಿಮ್ಮನ್ನ ವಯಸ್ಸು ಕೇಳಿಲ್ಲ ಸರ್, ಸ್ಕಾಲರ್‌ಶಿಪ್ ಕೇಳ್ದೆ. ಹನ್ನೆರಡನೇ ಕ್ಲಾಸು ಸೈನ್ಸ್ ಪಾಸಾಗಿದೀನಿ. ಅಪ್ಪ ಹೋಗ್ಬಿಟ್ರು ಅಂತ ಕೆಲ್ಸಕ್ಕೆ ಬಂದೆ. ಮಾರ್ಕ್ಸ್ ಕಾರ್ಡ್ ತಂದಿದೀನಿ, ನೋಡಿ."

ನೋಡಿದೆ. ರಸಾಯನಶಾಸ್ತ್ರದಲ್ಲಿ ನನಗಿಂತ ಹೆಚ್ಚು ಬಂದಿತ್ತು. ಆ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಒಂದೊಂದೇ ಬಾಗಿಲು ಮುಚ್ಚುತ್ತ ಹೋದೆ. ಪ್ರತಿಭಾ ಸ್ಕಾಲರ್‌ಶಿಪ್ಪಿಗೆ ಇಪ್ಪತ್ತೈದು ವರ್ಷದ ಮಿತಿ. ಹಳೆಯ ವಿದ್ಯಾರ್ಥಿಗಳ ನಿಧಿ ಮೊದಲ ವರ್ಷದವರಿಗಿಲ್ಲ. ಬೇಸಿಗೆ ಸಂಶೋಧನೆಯ ಭತ್ಯೆ ಬೇಕೆಂದರೆ ಬೇಸಿಗೆಯಲ್ಲಿ ಬೇರೆ ಕೆಲಸ ಇರಕೂಡದು. ಬ್ಯಾಂಕಿನ ವಿದ್ಯಾಸಾಲ ಸಿಗುತ್ತದೆ, ಆದರೆ ಜಾಮೀನು ಬೇಕು.

"ಸಾಲ ಬೇಡ ಸರ್. ನಾನು ಡಿಗ್ರಿ ತಗೊಂಡು, ರಿಟೈರಾಗಿ, ಆಮೇಲೂ ಕಂತು ಕಟ್ತಾ ಕೂರ್ಬೇಕಾ?"

"ಹಾಗಾದ್ರೆ ಬೇರೆ ದಾರಿ ಇಲ್ಲಮ್ಮ" ಎಂದೆ. ಆಕೆ ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲವನ್ನು ಎರಡು ಸಲ ಮಡಚಿ ಹೋದಳು. ಆ ಮಡಚುವಿಕೆ ನನ್ನನ್ನು ಇಡೀ ದಿನ ಕಾಡಿತು. ಇಲ್ಲ ಎನ್ನುವುದರಲ್ಲಿ ನಾನು ಎಂಥ ಪಳಗಿದ ಕೈ ಎಂದು ನಾಚಿಕೆಯಾಯಿತು.

ಆ ನಾಚಿಕೆಯಲ್ಲೇ ಹಳೆಯ ನಿಯಮ ಪುಸ್ತಕ ತೆಗೆದೆ. ಮೂರು ದಿನ ಧೂಳು ಕುಡಿದ ಮೇಲೆ ಸಿಕ್ಕಿತು: ಹತ್ತು ವರ್ಷ ಸೇವೆ ಸಲ್ಲಿಸಿದ ಯಾವುದೇ ಕಾಯಂ ನೌಕರ ಇಲ್ಲಿಯೇ ಪದವಿ ಓದಿದರೆ ಪೂರ್ತಿ ಶುಲ್ಕ ವಿನಾಯಿತಿ. ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರೂ ರದ್ದುಮಾಡಿರಲಿಲ್ಲ. ಆಡಳಿತ ಕಚೇರಿಯವರು "ಅದು ಉಪನ್ಯಾಸಕರಿಗೆ ಅಂತ ಮಾಡಿದ್ದು ಕಣ್ರೀ" ಎಂದು ಮೂಗೆಳೆದರು. "'ಯಾವುದೇ' ಅಂತ ಬರೆದಿದೆ, ಓದಿ" ಎಂದು ಪುಟವನ್ನು ಅವರ ಮೂಗಿಗೇ ಹಿಡಿದೆ. ಮಂಜೂರಾಯಿತು. ಷರತ್ತು ಒಂದೇ, ಆದರೆ ಖಡಕ್ಕು: ಪ್ರತಿ ವರ್ಷ ಎಲ್ಲ ವಿಷಯ ಮೊದಲ ಪ್ರಯತ್ನದಲ್ಲೇ ಪಾಸಾಗಬೇಕು. ಒಂದರಲ್ಲಿ ಎಡವಿದರೂ ವಿನಾಯಿತಿ ಅಲ್ಲಿಗೇ ಮುಗಿಯಿತು. ಶುಲ್ಕ ಕಟ್ಟಿ ಓದುವಷ್ಟು ಅನುಕೂಲ ಅವರ ಮನೆಗಿರಲಿಲ್ಲ. ಅಂದರೆ ಓದೂ ಅಲ್ಲಿಗೇ ಮುಗಿಯಿತು.

ಬೆಳಿಗ್ಗೆ ಆರರಿಂದ ಹತ್ತರವರೆಗೆ ತೊಟ್ಟಿ, ಮಧ್ಯಾಹ್ನದವರೆಗೆ ತರಗತಿ, ಮತ್ತೆ ಸಂಜೆಯವರೆಗೆ ತೊಟ್ಟಿ. ಮನೆಯಲ್ಲಿ ಅಡುಗೆ ಕಪಾಟಿನ ಬಾಗಿಲುಗಳ ಒಳಗೆಲ್ಲ ಅಮೈನೋ ಆಮ್ಲಗಳ ಚೀಟಿ. ಆಕೆಯ ಗಂಡ ಲಿಫ್ಟ್ ರಿಪೇರಿ ಮೆಕ್ಯಾನಿಕ್ಕು, ಮಾತು ಕಮ್ಮಿಯ ಮನುಷ್ಯ. ಸಕ್ಕರೆ ಡಬ್ಬಿಗೆ ಕೈ ಹಾಕಿದಾಗಲೆಲ್ಲ ಓದಿ ಓದಿ ಅವನಿಗೂ ಎಂಟು ಹೆಸರು ಬಾಯಿಪಾಠವಾಗಿದ್ದವು. "ಉಪ್ಪೆಲ್ಲಿ?" ಎಂದರೆ "ಲೈಸೀನ್ ಹಿಂದೆ" ಎನ್ನುತ್ತಿದ್ದ. ಮಗಳು ತಲೆ ಬಾಚಿಸಿಕೊಳ್ಳುವ ಬದಲು ಅಮ್ಮನ ತಲೆ ಬಾಚುತ್ತ ಪ್ರಶ್ನೆ ಕೇಳುತ್ತಿದ್ದಳು. ಉತ್ತರ ತಪ್ಪಿದರೆ ಜಡೆ ಜಗ್ಗುವ ಅಧಿಕಾರ ಅವಳಿಗಿತ್ತು.

ಆಣ್ವಿಕ ಜೀವಶಾಸ್ತ್ರದ ಮೊದಲ ಪಾಠ ಕೇಳಿ ಬಂದ ದಿನ ಆಕೆ ಕಿಟಕಿಗೆ ಬಂದು ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. "ಸರ್, ಮೂರನೇ ಲ್ಯಾಬಲ್ಲಿ ಒಂದು ಪೆಟ್ಟಿಗೆ ಇದೆಯಲ್ಲ, ಹನ್ನೊಂದು ವರ್ಷ ನಾನು ಅದನ್ನ ಯಾವ್ದೋ ಹೀಟರು ಅಂತ ಒರೆಸ್ತಿದ್ದೆ. ಒಂದು ಚೂರು ಡಿಎನ್‌ಎ ಒಳಗಿಟ್ರೆ ಬಿಸಿ ಮಾಡಿ ತಣ್ಣಗೆ ಮಾಡಿ ಕೋಟಿ ಕಾಪಿ ಮಾಡತ್ತಂತೆ! ನನಗೆ ಒಬ್ರಾದ್ರೂ ಹೇಳ್ಬಾರ್ದಾ?" ಅಂಥ ಖುಷಿಯನ್ನು ನಾನು ಆ ಕಿಟಕಿಯಲ್ಲಿ ಅಪರೂಪಕ್ಕೆ ಕಂಡಿದ್ದೆ.

ಮೊದಲ ವರ್ಷ ದಾಟಿತು. ಎರಡನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ವಿಶ್ವವಿದ್ಯಾಲಯದಿಂದ ಪರೀಕ್ಷಕಿ ಬಂದರು. ಬಿಗಿ ಮುಖ, ಬಿಗಿ ಜುಟ್ಟು, ಮಾರ್ಕಿನಲ್ಲಿ ಇನ್ನೂ ಬಿಗಿ ಎಂದು ಹೆಸರು. ಹಾಜರಿ ಸಹಿ ಹಾಕಿಸಿಕೊಳ್ಳಲು ನಾನೂ ಲ್ಯಾಬಿನ ಮೂಲೆಯಲ್ಲಿದ್ದೆ. ಪ್ರಯೋಗ ಇಷ್ಟು: ಆರು ಟ್ಯೂಬಿಗೆ ಕಮ್ಮಿಯಿಂದ ಜಾಸ್ತಿ ಸಕ್ಕರೆ ನೀರು, ಎಲ್ಲದಕ್ಕೂ ಒಂದೇ ಅಳತೆ ಕಿಣ್ವ. ಕಿಣ್ವ ಸಕ್ಕರೆಯನ್ನು ಒಡೆದಷ್ಟೂ ಕೊನೆಗೆ ಬಣ್ಣ ಗಾಢವಾಗುತ್ತದೆ. ಆ ಬಣ್ಣವನ್ನು ಯಂತ್ರದಲ್ಲಿ ಅಳೆದು, ಆರು ಬಿಂದು ಇಟ್ಟು ಗ್ರಾಫು ಬರೆಯಬೇಕು.

ಯಂತ್ರ ಇದ್ದದ್ದು ಒಂದೇ, ಸರದಿಯಲ್ಲಿ ಮೂರು ಮೂರು ಟ್ಯೂಬು. ಗಾಜಕ್ಕ ಮೊದಲ ಮೂರನ್ನು ಅಳೆದು ಬರೆದುಕೊಂಡು ತನ್ನ ಜಾಗಕ್ಕೆ ಬಂದಳು. ಮುಂದಿನ ಸರದಿಗೆ ಇನ್ನೂ ನಾಲ್ಕು ಜನ. ಮುಂದಿನ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತ, ತುಟಿ ಅಲ್ಲಾಡಿಸುತ್ತ ಲ್ಯಾಬಿನೊಳಗಿನ ತೊಟ್ಟಿಯ ಪಕ್ಕ ನಿಂತಳು. ಕೈ ಸುಮ್ಮನಿರಲಿಲ್ಲ. ನಲ್ಲಿ ತಿರುಗಿಸಿದ ಸದ್ದು ಕೇಳಿತು. ಅಳೆದು ಮುಗಿಸಿರಬೇಕು ಎಂದುಕೊಂಡೆ. ಆರೂ ಟ್ಯೂಬು ಅಚ್ಚುಕಟ್ಟಾಗಿ ತೊಳೆದು, ಕೊನೆಯದನ್ನು ಸ್ಟ್ಯಾಂಡಿಗೆ ತಲೆಕೆಳಗು ಹಾಕಿ, ಆಕೆ ಹಾಗೇ ನಿಂತುಬಿಟ್ಟಳು. ಮುಖದ ಬಣ್ಣ ಇಳಿದುಹೋಯಿತು. ಆಗ ನನಗೂ ಹೊಳೆಯಿತು. ಕೊನೆಯ ಮೂರು ಟ್ಯೂಬಿನ ಸರದಿ ಇನ್ನೂ ಬಂದೇ ಇರಲಿಲ್ಲ.

ಪರೀಕ್ಷೆಯ ಕೋಣೆ, ಬಾಯಿ ಬಿಡುವ ಹಾಗಿಲ್ಲ. ಪಕ್ಕದ ಹುಡುಗಿ ಕರುಣೆಯಿಂದ ತನ್ನ ಅಳತೆ ಬರೆದಿದ್ದ ಪುಸ್ತಕವನ್ನು ಇತ್ತ ಸರಿಸಿದಳು. ಗಾಜಕ್ಕ ಅದನ್ನು ಅತ್ತ ಸರಿಸಿ ಪರೀಕ್ಷಕಿಯ ಹತ್ತಿರ ಹೋದಳು.

"ಮೇಡಂ, ಮೂರು ಟ್ಯೂಬು ಅಳೆಯೋಕೆ ಮುಂಚೆನೇ ತೊಳೆದುಬಿಟ್ಟೆ."

"ತೊಳೆದುಬಿಟ್ರಾ? ಯಾಕೆ?"

"ಕೈ ತೊಳೆದುಬಿಡ್ತು ಮೇಡಂ."

ಪರೀಕ್ಷಕಿ ಗಡಿಯಾರ ನೋಡಿದರು. "ಐವತ್ತು ನಿಮಿಷ ಇದೆ. ಏನು ಮಾಡ್ತೀರೋ ಮಾಡಿ."

ಐಸಿನಲ್ಲಿದ್ದ ಕಿಣ್ವ ಇನ್ನು ಮೂರೇ ಟ್ಯೂಬಿಗೆ ಸಾಲುವಷ್ಟಿತ್ತು. ಸರಿಹೋಯಿತಲ್ಲ, ಕಳೆದದ್ದೂ ಮೂರೇ, ನಾಲ್ಕು ಐದು ಆರು ಮತ್ತೆ ಮಾಡಿದರಾಯಿತು ಎಂದು ನನ್ನ ಗುಮಾಸ್ತೆ ಲೆಕ್ಕ. ಗಾಜಕ್ಕ ಎರಡು ನಿಮಿಷ ಆ ಕಿಣ್ವವನ್ನೇ ನೋಡುತ್ತ ನಿಂತಳು. ಆಮೇಲೆ ಟ್ಯೂಬುಗಳ ಮೇಲೆ ಬರೆದ ಅಂಕಿ ನೋಡಿ ನಾನು ತಲೆ ಮೇಲೆ ಕೈ ಹೊತ್ತೆ. ಮೂರು, ನಾಲ್ಕು, ಆರು. ಈಗಾಗಲೇ ಅಳೆದಿದ್ದ ಮೂರನೆಯದನ್ನು ಮತ್ತೆ ಮಾಡುತ್ತಿದ್ದಳು! ಗಾಬರಿಯಲ್ಲಿ ಬುದ್ಧಿ ಕೆಟ್ಟಿದೆ, ಇನ್ನು ಮುಗಿಯಿತು ಎಂದುಕೊಂಡೆ.

ಗಂಟೆ ಬಾರಿಸುವ ಹೊತ್ತಿಗೆ ಗ್ರಾಫಿನಲ್ಲಿ ಐದೇ ಬಿಂದು. ಐದನೇ ಟ್ಯೂಬಿನ ಜಾಗದಲ್ಲಿ "ಅಳೆಯುವ ಮೊದಲು ನಾನೇ ತೊಳೆದೆ" ಎಂದು ಬರೆದಿತ್ತು. ಪರೀಕ್ಷಕಿ ಅದನ್ನು ಓದಿ, ಮತ್ತೊಮ್ಮೆ ಓದಿ, ತಲೆಯೆತ್ತಿದರು.

"ಮೂರನೇದನ್ನ ಯಾಕೆ ಎರಡು ಸಲ ಮಾಡಿದ್ರಿ?"

"ಮೊದಲನೇ ಸಲದ್ದೂ ಎರಡನೇ ಸಲದ್ದೂ ಒಂದೇ ಗ್ರಾಫಲ್ಲಿ ಹಾಕ್ಬೇಕಿತ್ತು ಮೇಡಂ. ಅಷ್ಟೊತ್ತಿಗೆ ಕಿಣ್ವದ ಕಸುವು ಇಳಿದಿದ್ರೆ? ಅದಕ್ಕೇ ಒಂದು ಟ್ಯೂಬನ್ನಾದ್ರೂ ಎರಡೂ ಸಲ ಮಾಡಿ, ಎರಡೂ ಹೊಂದತ್ತಾ ನೋಡ್ಕೊಂಡೆ. ಹೊಂದ್ತು. ಆಮೇಲೇ ಗೆರೆ ಎಳೆದೆ."

"ಯಾರು ಹೇಳಿಕೊಟ್ರು ಇದನ್ನ?"

"ಯಾರೂ ಇಲ್ಲ. ನಿನ್ನೆದೂ ಇವತ್ತಿಂದೂ ನೋಡದೇ ಸೇರಿಸ್ಬಿಟ್ಟು, ಗ್ರಾಫ್ ಸೊಟ್ಟ ಬಂತು ಅಂತ ಇಲ್ಲಿ ಹುಡುಗ್ರು ನನ್ನ ತೊಟ್ಟಿ ಮುಂದೇನೇ ಕಿತ್ತಾಡ್ತಾರೆ ಮೇಡಂ. ಇಪ್ಪತ್ತು ಚಿಲ್ಲರೆ ವರ್ಷ ಕೇಳಿದೀನಿ."

ಪರೀಕ್ಷಕಿಯ ಮುಖ ಸಡಿಲವಾಗಲಿಲ್ಲ. ಏನೋ ಬರೆದುಕೊಂಡರು, ಮುಂದಿನವರನ್ನು ಕರೆದರು. ನಾನು ಮಾತ್ರ ನನ್ನ ಮೂಲೆಯಲ್ಲಿ ನನ್ನ ಲೆಕ್ಕಕ್ಕೆ ನಾನೇ ಛೀಮಾರಿ ಹಾಕಿಕೊಂಡೆ.

ಫಲಿತಾಂಶಕ್ಕೆ ಐದು ವಾರ. ಆಕೆ ಒಮ್ಮೆಯೂ ಕೇಳಲಿಲ್ಲ, ಆದರೆ ದಿನಕ್ಕೆ ನಾಲ್ಕು ಸಲ ಖಾಲಿ ಬುಟ್ಟಿ ಹಿಡಿದು ನನ್ನ ಕಿಟಕಿ ಮುಂದೆ ಹಾದುಹೋಗುತ್ತಿದ್ದಳು. ಪಟ್ಟಿ ಮೊದಲು ಬಂದದ್ದು ನನ್ನ ಮೇಜಿಗೆ. ಬೆರಳಿಟ್ಟು ಎರಡು ಸಲ ನೋಡಿದೆ. ಎಲ್ಲದರಲ್ಲೂ ಪಾಸು. ಆ ಪ್ರಾಕ್ಟಿಕಲ್‌ನಲ್ಲಿ ತರಗತಿಗೇ ಎರಡನೆಯವಳು. ಹಾಲು ಕುಡಿದಷ್ಟು ಖುಷಿಯಾಯಿತು. ಎದ್ದು ಕಾರಿಡಾರಿನುದ್ದಕ್ಕೂ ನಡೆದೆ, ಓಡಿದೆ ಎಂದೇ ಜವಾನ ಈಗಲೂ ಹೇಳುತ್ತಾನೆ.

"ಪಾಸು ಕಣಮ್ಮ! ವಿನಾಯಿತಿ ಮುಂದಿನ ವರ್ಷಕ್ಕೂ ಉಂಟು."

ಆಕೆ ನಲ್ಲಿ ನಿಲ್ಲಿಸಿದಳು. ಕಣ್ಣು ತುಂಬಿತು, ಒದ್ದೆ ಕೈಯಲ್ಲೇ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಸರ್, ಇವತ್ತು ಸಂಜೆ ಒಂದು ಗಂಟೆ ಮಟ್ಟಿಗೆ ಲ್ಯಾಬಿನ ಕೀಲಿ ಸಿಗತ್ತಾ? ಆ ಐದನೇದು ಎಲ್ಲಿ ಬೀಳ್ತಿತ್ತು ಅಂತ ನೋಡ್ಬೇಕು. ನಿದ್ದೆನೇ ಬರ್ತಿಲ್ಲ."

ಪ್ರೊಫೆಸರು ಒಪ್ಪಿದರು, ನಾನು ಕೀಲಿ ತಂದೆ. ಹೊಸ ಕಿಣ್ವ, ಆದ್ದರಿಂದ ಆರನ್ನೂ ಹೊಸದಾಗಿ ಮಾಡಬೇಕು ಎಂದಳು. ಮಾಡಿದಳು, ಅಳೆದಳು, ಗ್ರಾಫು ಬರೆದಳು. ಐದನೆಯದು ನಾಲ್ಕು ಮತ್ತು ಆರರ ನಡುವೆ, ಗೆರೆಯ ಮೇಲೇ ಕೂತಿತು. ಆಕೆ ಪೆನ್ಸಿಲ್ ಕೆಳಗಿಟ್ಟು ಅದನ್ನೇ ನೋಡುತ್ತ ಕೂತಳು.

ಟ್ಯೂಬುಗಳನ್ನು ನಾನು ಎತ್ತಿಕೊಂಡೆ. "ಎಲ್ಲಾ ಅಳೆದಾಯ್ತಾ?" ಎಂದು ಕೇಳಿಯೇ ಎತ್ತಿಕೊಂಡೆ. "ನಾನು ತೊಳೀತೀನಿ, ನೀನು ಬರ್ಕೋ." ಆಕೆ ಬೇಡವೆನ್ನಲು ಅರ್ಧ ಎದ್ದವಳು ಮತ್ತೆ ಕೂತಳು. ಮೂವತ್ತೊಂದು ವರ್ಷದಲ್ಲಿ ಆ ವಿಭಾಗದ ಒಂದು ಲೋಟವನ್ನೂ ತೊಳೆಯದ ನಾನು ಆರು ಟ್ಯೂಬು ತೊಳೆದು, ಬೀಗುತ್ತ ತಂದು ಮುಂದಿಟ್ಟೆ. ಆಕೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ತಳದಲ್ಲಿ ಇನ್ನೂ ಬಣ್ಣ ಇದೆ ಸರ್. ಇನ್ನೊಂದ್ಸಲ."

ನಾನು ತೆಪ್ಪಗೆ ವಾಪಸು ತೊಟ್ಟಿಗೆ ಹೋದೆ.