ಎರಡನೇ ನುಡಿಯ ‘ಬಾ’

ನಮ್ಮ ಸಂಗೀತದ ಮೇಷ್ಟ್ರ ಕುತ್ತಿಗೆಯ ಗಂಟು ಮುಂದಕ್ಕೆ ಚಾಚಿಕೊಂಡಿತ್ತು. ಮೇಲಿನ ಸ್ವರಕ್ಕೆ ಅವರು ಹತ್ತಿದರೆ ಅದೂ ಹತ್ತುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಹೊಳೆನರಸೀಪುರದ ಶಾಲೆಯಲ್ಲಿ ನಾನು ಅವರಿಂದ ಹಾಡು ಕಲಿಯಲಿಲ್ಲ. ಗಂಟು ಕುಣಿಸುತ್ತ ಅವರ ದನಿಯನ್ನು ಅಣಕಿಸುವುದನ್ನು ಕಲಿತೆ. ಒಮ್ಮೆ ಹಿಂದೆ ನಿಂತು ಕೇಳಿಸಿಕೊಂಡವರು, “ಲೇ, ಶ್ರುತಿ ಒಂದು ಬಿಟ್ರೆ ಎಲ್ಲಾ ನಂದೇ ಕಣೋ,” ಎಂದು ಕಿವಿ ಹಿಂಡಿದರು.

ದೊಡ್ಡವನಾದ ಮೇಲೆ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡಿಕೊಂಡು, ಉಳಿದ ದಿನ ಹಾಸನದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಕೂರುತ್ತಿದ್ದೆ. ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಬಲ್ಲವನು ಊರಿಗೆಲ್ಲ ನಾನೊಬ್ಬನೇ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಬೇರೆ ಯಾರಿಗೂ ಅದು ಬೇಕಿರಲಿಲ್ಲ ಎನ್ನುವುದು ಬೇರೆ ಮಾತು.

ಒಂದು ಶನಿವಾರ ಮೇಷ್ಟ್ರು ಬಸ್ಸಿಳಿದು ಅಲ್ಲಿಗೆ ಬಂದರು. ಕೈಯಲ್ಲಿ, ಮಕ್ಕಳಿಗಾಗಿ ತಾವೇ ಕಟ್ಟಿದ ಹಾಡುಗಳ ನೋಟ್‌ಬುಕ್ಕು. ಗಂಟಲಲ್ಲಿ ಗೆಡ್ಡೆ, ತಿಂಗಳೊಳಗೆ ಆಪರೇಷನ್, ಆಮೇಲೆ ದನಿ ಇರುವುದಿಲ್ಲ. “ಅಷ್ಟರೊಳಗೆ ಎಲ್ಲಾ ಹಾಡಿ ತೋರಿಸ್ಬಿಡ್ತೀನಿ, ನೀನು ಇಳಿಸ್ಕೋ.”

ಮೊದಲು ತೆಗೆದದ್ದು ಕಳೆದುಹೋದ ಕರುವನ್ನು ಕರೆಯುವ ಹಾಡು. ಮೊದಲ ನುಡಿಗೆ ಸ್ವರ ಹಾಕಿ, ಕೊನೆಗೆ ರಿಪೀಟ್ ಚಿಹ್ನೆ ಒತ್ತಿ, ಎರಡನೇ ನುಡಿಯ ಮಾತನ್ನು ಅದೇ ಸ್ವರಗಳ ಕೆಳಗೆ ಸುರಿದೆ. ಮೊದಲ ನುಡಿಯಲ್ಲಿ ನಾಲ್ಕಕ್ಷರ ಇದ್ದ ಕಡೆ ಎರಡನೆಯದರಲ್ಲಿ ‘ಬಾ’ ಒಂದೇ. ಕಂಪ್ಯೂಟರ್ ಸ್ವರಕ್ಕೊಂದು ಅಕ್ಷರ ಹಂಚಿತು. ‘ಬಾ’ ಆದ ಮೇಲಿನ ಮಾತೆಲ್ಲ ಅದರ ಸ್ವರಗಳಿಗೆ ನುಗ್ಗಿತು.

“ಒಂದೇ ಧಾಟಿ ಅಲ್ವಾ ಸಾ? ಎರಡು ಸಲ ಯಾಕ್ ಬರೀಬೇಕು?”

“ಧಾಟಿ ಒಂದೇ ಕಣೋ. ಆದ್ರೆ ಮೊದಲ್ನೇ ಸಲ ಕರೆದಾಗ ಕರು ಬರ್ಲಿಲ್ಲ. ಎರಡನೇ ಸಲ ಕರೆಯೋನಿಗೆ ಅದು ಗೊತ್ತಿರುತ್ತಲ್ಲ.”

ಹಾಡಿದರು. ‘ಬಾ’ ನಾಲ್ಕೂ ಸ್ವರ ದಾಟಿತು, ಎಲ್ಲೋ ನಿಂತು ನೋಡಿತು, ಇಳಿಯಿತು. “ಗೊತ್ತಾಯ್ತು ಬಿಡಿ ಸಾ. ಎರಡನೇ ನುಡಿಗಳನ್ನೆಲ್ಲ ಮುಂದಿನ ಶನಿವಾರ ಒಟ್ಟಿಗೆ ಸರಿ ಮಾಡಣ,” ಎಂದೆ.

ಆ ಶನಿವಾರ ನನಗೆ ಅರಕಲಗೂಡಿನಲ್ಲಿ ಪ್ರೋಗ್ರಾಂ, ಮುಂದಿನದು ಚನ್ನರಾಯಪಟ್ಟಣದಲ್ಲಿ. ಹೇಳಿ ಕಳಿಸಲೂ ಇಲ್ಲ. ಎರಡು ಸಲವೂ ಮೇಷ್ಟ್ರು ಬಂದು, ಆಫ್ ಮಾಡಿದ್ದ ಕಂಪ್ಯೂಟರ್ ಮುಂದೆ ಸಂಜೆಯವರೆಗೆ ಕೂತು ಹೋದರಂತೆ.

ಆಪರೇಷನ್ ಆದ ಮೇಲೆ ಮತ್ತೆ ಬಂದರು. ಕುತ್ತಿಗೆಗೆ ಬಿಳಿ ಬಟ್ಟೆ. ನಾನು ಅವರದೇ ದನಿ ತೆಗೆದು ಎರಡನೇ ನುಡಿ ಹಾಡಿದೆ. ಭುಜ ಕುಲುಕಿಸಿ ನಕ್ಕರು, ಸದ್ದಿಲ್ಲ. ‘ಬಾ’ ಬಂದಾಗ ಕೈಯೆತ್ತಿ ತಡೆದರು. ಮತ್ತೆ ಹಾಡಿದೆ, ಮತ್ತೆ ತಡೆದರು. ಗಾಳಿಯಲ್ಲಿ ಬೆರಳಿಂದ ಗೆರೆ ಎಳೆದರು, ಮೇಜು ಕುಟ್ಟಿದರು, ಬಾಯಿ ತೆರೆದು ಮುಚ್ಚಿದರು. ಕೊನೆಗೆ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದರು: ‘ಹಿಂಗೆ ಕರೆದ್ರೆ ಕರು ಬರಲ್ಲ.’ ನನ್ನ ಮುಖ ನೋಡಿ ಅದರ ಕೆಳಗೆ ಇನ್ನೊಂದು: ‘ಹೋಗ್ಲಿ ಬಿಡು.’

ಮಳೆಗಾಲಕ್ಕೆ ಮುಂಚೆಯೇ ಮೇಷ್ಟ್ರು ತೀರಿಕೊಂಡರು. ಅವರ ಹಾಡುಗಳ ಪುಸ್ತಕ ಅಚ್ಚಾಗಿ ಬಂದ ದಿನ ಶಾಲೆಯ ಮಕ್ಕಳು ಅದನ್ನು ನೋಡಿಕೊಂಡು ಹಾಡಿದರು. ‘ಬಾ’ವನ್ನು ನಾನು ಅಂದಾಜಿನಲ್ಲಿ ಎಳೆದಷ್ಟೇ ಎಳೆದರು. ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು.

“ಅವರೇ ಹಾಡ್ದಂಗಾಯ್ತು ಕಣಪ್ಪಾ.”

ಅಲ್ಲಮ್ಮಾ ಎನ್ನಬೇಕಿತ್ತು. “ಹ್ಞೂಂ ಅಮ್ಮಾ,” ಎಂದೆ. ಮಕ್ಕಳು ಇನ್ನೊಂದು ಸಲ ಶುರುಮಾಡಿದರು, ನನ್ನ ತಪ್ಪಿನ ಸಮೇತ.