ಗೇರ್ ಲಿವರಿಗೆ ಒಂದು ಗೇಣು

ನಮ್ಮಪ್ಪ ವೆಲ್ಡಿಂಗ್ ಕೆಲಸದವನು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಶೆಡ್ಡಿನಲ್ಲಿ ತಾನೇ ಒಂದು ಕಾರು ಕಟ್ಟಿದ. ಗೇರ್ ಲಿವರ್ ಮಾತ್ರ ಕೈಗೆಟುಕುತ್ತಿರಲಿಲ್ಲ. ಬರಿಯ ಕಬ್ಬಿಣದ ಸೀಟಿನ ಮೇಲೆ ಕೂತು ಅಳೆದು, ಲಿವರಿನ ತುದಿಗೆ ಗೇಣುದ್ದದ ಪೈಪನ್ನು ತನ್ನ ಕಡೆ ಬಾಗಿಸಿ ಬೆಸೆದ. ಆಮೇಲೆ ದರ್ಜಿ ಕೆಲಸದ ಅಮ್ಮ ಆ ಸೀಟಿಗೆ ದಪ್ಪ ಕುಶನ್ ಹೊಲಿದಳು.

"ಇನ್ನೊಂದ್ಸಲ ಕೂತು ನೋಡಿ," ಎಂದಳು.

"ನನಗೇ ಹೇಳಿಕೊಡ್ತೀಯಾ?" ಎಂದ ಅಪ್ಪ.

ಮೊದಲ ಸವಾರಿಯಲ್ಲೇ ಇಳಿಜಾರು ಬಂತು. ವೇಗ ತಗ್ಗಿಸಲು ಅಪ್ಪ ಲಿವರನ್ನು ಎರಡನೇ ಗೇರಿಗೆ ಹಿಂದಕ್ಕೆಳೆದ. ಅದು ಕುಶನ್ನಿನ ಅಂಚಿಗೆ ತಾಗಿ ಅರ್ಧಕ್ಕೇ ನಿಂತಿತು. ಕಾರು ಯಾವ ಗೇರೂ ಇಲ್ಲದೆ ಉರುಳತೊಡಗಿತು. ಬ್ರೇಕ್ ತುಳಿದರೆ ಸುಟ್ಟ ವಾಸನೆ ಬಂತೇ ಹೊರತು ಹಿಡಿತ ಸಿಗಲಿಲ್ಲ. ಕೆಳಗಿನ ತಿರುವಿನಲ್ಲಿ ಗೋಡೌನಿನ ಗೋಡೆ. ಹಿಂದೆ ಕೂತಿದ್ದ ನಾನು ಮುಂದಿನ ಸೀಟನ್ನು ಅವುಚಿ ಹಿಡಿದೆ.

ಅಪ್ಪನ ಪಕ್ಕದಲ್ಲಿದ್ದ ಅಮ್ಮ ಚೀಲದಿಂದ ಕತ್ತರಿ ತೆಗೆದು, ಕುಶನ್ನಿನ ಆ ಅಂಚಿನ ಹೊಲಿಗೆ ಸೀಳಿ, ಒಳಗಿನ ಸ್ಪಂಜನ್ನು ಕಿತ್ತೆಸೆದಳು. ಲಿವರ್ ಹಿಂದಕ್ಕೆ ಜಾರಿ ಗೇರ್ ಬಿತ್ತು. ಕಾರು ಮುಗ್ಗರಿಸಿ, ನರಳಿ, ಗೋಡೆಗೆ ಮಾರು ದೂರದಲ್ಲಿ ನಿಂತಿತು.

ಅಪ್ಪ ಬೆವರು ಒರೆಸಿಕೊಂಡು, "ಒಳ್ಳೇ ಸೀಟು ಹಾಳು ಮಾಡಿಬಿಟ್ಟೆ," ಎಂದ.

"ನಾನು ಹೊಲಿದಿದ್ದು, ಬಿಚ್ಚಿದೆ," ಎಂದಳು ಅಮ್ಮ. "ನೀವು ಬೆಸೆದಿದ್ದು ಬಿಚ್ಚೋ ಹೊತ್ತಿಗೆ ನಾವು ಮೂವರೂ ಇರ್ತಿದ್ವಾ?"